ಮೇಷ್ಟ್ರು ಕೊಟ್ಟ ಉತ್ತರ

ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಹಳೆಯ ಪ್ರವಾಸ ಕಥನಗಳ ಬಗ್ಗೆ ಓದುತ್ತಾ ಕೂತಿದ್ದೆ.

ಜೇಮ್ಸ್ ಆಂಥನಿ ಫ್ರೂಡ್ ಅಂತ ಇಂಗ್ಲೆಂಡಿನ ದೊಡ್ಡ ಇತಿಹಾಸಕಾರ. 1887ರಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳನ್ನು ಸುತ್ತಿದ. ಮರುವರ್ಷವೇ ಪುಸ್ತಕ ಬಂತು. ಅಲ್ಲಿನ ಕಪ್ಪು ಜನರಿಗೆ ತಮ್ಮನ್ನು ತಾವು ಆಳಿಕೊಳ್ಳುವ ಯೋಗ್ಯತೆ ಇಲ್ಲ ಅನ್ನುವುದೇ ಅದರ ವಾದ.

ಉತ್ತರ ಕೊಟ್ಟವರು ಆ ದ್ವೀಪಗಳಲ್ಲೇ ಒಂದಾದ ಟ್ರಿನಿಡಾಡಿನ ಒಬ್ಬ ಕಪ್ಪು ಮೇಷ್ಟ್ರು, ಜಾನ್ ಜೇಕಬ್ ಥಾಮಸ್. ಸಾಮಾನ್ಯದವರಲ್ಲ. ಹರಕು ಫ್ರೆಂಚ್ ಅಂತ ದೊಡ್ಡವರು ಮೂಗು ಮುರಿಯುತ್ತಿದ್ದ ತಮ್ಮೂರಿನ ಕ್ರಿಯೋಲ್ ಮಾತಿಗೆ 1869ರಲ್ಲೇ ವ್ಯಾಕರಣ ಬರೆದಿದ್ದರು! ಫ್ರೂಡ್‌ನ ಒಂದೊಂದೇ ಮಾತನ್ನು ಹಿಡಿದು ಜಾಡಿಸಿದರು. ಪುಸ್ತಕದ ಹೆಸರು 'ಫ್ರೂಡಾಸಿಟಿ'. ಅವನ ಹೆಸರಿಗೆ ಅಡಾಸಿಟಿ, ಅಂದ್ರೆ ಉದ್ಧಟತನ, ಅಂಟಿಸಿದ್ದು. ಎಂಥಾ ಏಟು ಅಲ್ವಾ?

1889ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಅಚ್ಚಾಯಿತು. ಅದೇ ವರ್ಷ, ಅದೇ ಊರಲ್ಲಿ ಥಾಮಸ್ ತೀರಿಕೊಂಡರು.

ಹೋದ ವರ್ಷ ನಾನೂ ಎರಡು ದಿನ ಹಿಮಾಚಲದ ಸ್ಪಿತಿಗೆ ಹೋಗಿ ಬಂದು, "ಅಲ್ಲಿನ ಜನ ಹೀಗೆ" ಅಂತ ಉದ್ದಕ್ಕೆ ಗೀಚಿದ್ದೆ. ಲೈಕೂ ಜಾಸ್ತಿ ಬಂದಿತ್ತು. ಈಗ ತಾನೆ ಹೋಗಿ ಅಳಿಸಿ ಬಂದೆ.