ಅವ್ವನಿಗೆ ತೋರಿಸಬೇಕಿದ್ದ ಹಿಮ

ಎಳ್ಳಮಾವಾಸ್ಯೆಯ ಮರುದಿನ ಕಲಬುರಗಿಯ ನಮ್ಮ ಮನೆಯಲ್ಲಿ ಎಲ್ಲರೂ ಅವ್ವನ ಮೊಬೈಲ್ ಸುತ್ತ ಕುಳಿತಿದ್ದರು. ಹೊಲದಲ್ಲಿ ಚರಗ ಚೆಲ್ಲಿ ಬಂದ ಚಿಕ್ಕಮ್ಮ, ಸೋದರಮಾವ, ಅವರ ಮಕ್ಕಳು, ಯಾರೂ ಇನ್ನೂ ತಮ್ಮ ಊರಿಗೆ ಹೊರಟಿರಲಿಲ್ಲ. ನ್ಯೂಜೆರ್ಸಿಯಲ್ಲಿ ಹಿಮ ಬೀಳುವುದನ್ನು ಅವರಿಗೆ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ನಮಗೆ ಬೆಳಗಿನ ಐದು, ಅವರಿಗೆ ಮಧ್ಯಾಹ್ನ ಮೂರೂವರೆ.

ಮೂರು ದಿನಗಳಿಂದ ಹವಾಮಾನ ಮುನ್ಸೂಚನೆ 6ರಿಂದ 8 ಇಂಚು ಹಿಮ ಎನ್ನುತ್ತಿತ್ತು. ರಸ್ತೆಗಳಿಗೆ ಉಪ್ಪು ಸುರಿದಿದ್ದರು. ಏಳು ವರ್ಷದ ಮಗಳು ಹಿಮ ಅಳೆಯಲೆಂದು ಊರಿನಿಂದ ತಂದ ಸ್ಟೀಲಿನ ಪರಾತವನ್ನು ಹಿತ್ತಲಲ್ಲಿಟ್ಟು ಮಲಗಿದ್ದಳು. ಪರದೆ ಸರಿಸಿದರೆ ಬರೀ ಮಳೆ. ಪರಾತದ ಮೇಲೆ ಹನಿ ಬೀಳುವ ಸದ್ದು ಒಳಗಿನವರೆಗೂ ಕೇಳುತ್ತಿತ್ತು. ಮಗಳು ಗಾಜಿಗೆ ಹಣೆ ಹಚ್ಚಿ ನಿಂತವಳು ಮಾತೇ ಆಡಲಿಲ್ಲ. ನನಗೂ ಅಷ್ಟೇ ಬೇಸರವಾಗಿತ್ತು.

ಆಗಿದ್ದಿಷ್ಟು. ಚಳಿಗಾಲದ ಚಂಡಮಾರುತ ಕರಾವಳಿಯಿಂದ ದೂರ ಸಾಗಿದರೆ ಉತ್ತರದ ತಂಪು ಗಾಳಿ ನಮ್ಮ ಮೇಲೆಯೇ ಉಳಿಯುತ್ತದೆ. ತುಸು ಹತ್ತಿರ ಬಂದರೆ ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಗಾಳಿಯನ್ನು ಒಳನಾಡಿಗೆ ತಳ್ಳುತ್ತದೆ. ಹಿಮ ಮತ್ತು ಮಳೆಯ ನಡುವಿನ ಗೆರೆ ಒಂದೇ ರಾತ್ರಿಯಲ್ಲಿ ಹತ್ತಾರು ಮೈಲಿ ಸರಿಯಬಹುದು. ಈ ಸಲ ಅದು ನಮ್ಮ ಊರನ್ನು ದಾಟಿ ಹೋಗಿತ್ತು. ಮೋಡದೊಳಗೆ ಹಿಮವೇ ಇತ್ತು, ದಾರಿಯಲ್ಲಿ ಕರಗಿತು.

ಇದನ್ನು ಹೇಳಿದಾಗ ಅವ್ವ ಒಪ್ಪಲಿಲ್ಲ. ಬೀದರ್ ಸೀಮೆಯಲ್ಲಿ ಹುಟ್ಟಿ ಬೆಳೆದವಳು. “ನಮ್ಮಲ್ಲಿ ಕಡು ಬೇಸಿಗೆಯಲ್ಲೇ ಆಲಿಕಲ್ಲು ಬೀಳುತ್ತದೆ, ಕಾದ ಅಂಗಳದಲ್ಲಿ ಬಿದ್ದ ಮೇಲೂ ಕರಗುವುದಿಲ್ಲ. ನಿಮ್ಮ ಅಷ್ಟು ಚಳಿಯಲ್ಲಿ ಹಿಮ ಹೇಗೆ ಕರಗಿತು?” ಎಂದಳು. ಎಷ್ಟು ಒಳ್ಳೆಯ ಪ್ರಶ್ನೆ! ಹನ್ನೊಂದು ಚಳಿಗಾಲ ಕಂಡ ನನಗೆ ಇದು ಒಮ್ಮೆಯೂ ಹೊಳೆದಿರಲಿಲ್ಲ.

ಆಲಿಕಲ್ಲು ಗುಡುಗು ಮೋಡದ ಏರುಗಾಳಿಯಲ್ಲಿ ಸಿಕ್ಕಿ ಪದರಪದರವಾಗಿ ಬಲಿಯುವ ಗಟ್ಟಿ ಮಂಜುಗಡ್ಡೆ. ನೆಲ್ಲಿಕಾಯಿ ಗಾತ್ರದ್ದು ಸೆಕೆಂಡಿಗೆ 10 ಮೀಟರ್‌ಗೂ ಮೀರಿದ ವೇಗದಲ್ಲಿ ಬೀಳುವುದರಿಂದ ಕರಗಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಹಿಮದ ಎಸಳು ಅರಳೆಯಷ್ಟು ಹಗುರ. ಸೆಕೆಂಡಿಗೆ ಸುಮಾರು 1 ಮೀಟರ್‌ನಂತೆ ತೇಲುತ್ತ ಇಳಿಯುತ್ತದೆ. ನಡುವೆ ಸೊನ್ನೆಗಿಂತ ಎರಡು ಡಿಗ್ರಿ ಹೆಚ್ಚಿನ ಗಾಳಿಯ ದಪ್ಪ ಪದರವೊಂದು ಸಿಕ್ಕರೆ ಸಾಕು, ನೀರಾಗುತ್ತದೆ.

ಅವ್ವ ಚಿಕ್ಕಂದಿನಲ್ಲಿ ಆಲಿಕಲ್ಲು ಆಯ್ದು ತಾಮ್ರದ ಚೊಂಬಿನಲ್ಲಿ ತುಂಬಿಡುತ್ತಿದ್ದುದನ್ನು ಹೇಳತೊಡಗಿದಳು. ಮಗಳು ಕಿಟಕಿ ಬಿಟ್ಟು ಬಂದು ಫೋನ್ ಕಸಿದುಕೊಂಡಳು. “ಆಯಿ, ಅದು ಯಾವ ತಿಂಗಳಲ್ಲಿ ಬೀಳುತ್ತದೆ?” ಮಾರ್ಚ್, ಏಪ್ರಿಲ್ ಎಂದು ಅವ್ವ ಹೇಳಿದಳು.

ಮಧ್ಯಾಹ್ನ ಪರಾತದಲ್ಲಿ ಒಂದು ಬೆರಳಿನ ಅಗಲದಷ್ಟು ನೀರು ನಿಂತಿತ್ತು. ಸಾಮಾನ್ಯವಾಗಿ 10 ಇಂಚು ಹಿಮ ಕರಗಿದರೆ 1 ಇಂಚು ನೀರಾಗುತ್ತದೆ. ಅಂದರೆ ನಮಗೆ ಹೇಳಿದ್ದ ಹಿಮವೆಲ್ಲ ಬಂದಿತ್ತು. ಮಗಳು ನೀರು ಚೆಲ್ಲಿ, ಪರಾತವನ್ನು ಒರೆಸಿ, ಮತ್ತೆ ಅಲ್ಲೇ ಇಟ್ಟಳು. ಶನಿವಾರಕ್ಕೆ 3 ಇಂಚು ಎನ್ನುತ್ತಿದ್ದಾರೆ.