ಹೆಬ್ಬಲಸಿನ ಬೀಜ: ಈ ವರ್ಷ ಇಲ್ಲಿಯವರೆಗೆ

ಏಪ್ರಿಲ್ ಕೊನೆ

ನಮ್ಮ ಅಡಿಕೆ ತೋಟದ ಮೇಲಿನ ಕಾಡಿನಲ್ಲಿ ಹೆಬ್ಬಲಸಿನ ಮರಗಳಿವೆ. ತುಳುವಿನಲ್ಲಿ ಪೆಜ. ಯಾರೂ ನೆಟ್ಟದ್ದಲ್ಲ. ಈ ಮರ ಕಂಡವರೆಲ್ಲ ಮೊದಲು ಕೇಳುವುದು ಎಷ್ಟು ಸಿಎಫ್‌ಟಿ (ಘನ ಅಡಿ) ಮರ ಬರಬಹುದು ಅಂತ. ಅದು ಸರಿಯೇ, ಬಾಗಿಲು ದಾರಂದಕ್ಕೆ ಒಳ್ಳೆಯ ಮರ, ನೀರಿನಲ್ಲೂ ಬಾಳುತ್ತದೆ, ಕೇರಳದವರು ಇದನ್ನೇ ಆಂಜಿಲಿ ಅಂತ ಕರೆದು ಆ ಉದ್ದುದ್ದದ ಚುಂಡನ್ ವಳ್ಳ ಅನ್ನುವ ಪಂದ್ಯದ ದೋಣಿಗಳನ್ನು ಮಾಡುತ್ತಾರೆ. ನನಗೆ ಬೇಕಾದದ್ದು ಮಾತ್ರ ಬೀಜ. ಹುರಿದರೆ ನೆಲಗಡಲೆಯನ್ನು ಬದಿಗೆ ಸರಿಸುವಷ್ಟು ರುಚಿ. ಮಳೆಗಾಲಕ್ಕೆ ಒಂದಷ್ಟು ಒಣಗಿಸಿ ಇಡಬೇಕು, ಉಳಿದದ್ದರಲ್ಲಿ ಸಸಿ ಮಾಡಬೇಕು. ಈ ವರ್ಷದ ಕೆಲಸ ಇಷ್ಟೇ.

ಗಂಡು ಹೂವಿನ ಉದ್ದನೆಯ ತಿರಿಗಳು ಮರದಡಿ ಬಿದ್ದು ಒಣಗಿವೆ. ಹೊತ್ತಿಸಿದರೆ ಊದುಬತ್ತಿಯ ಹಾಗೆ ನಿಧಾನ ಉರಿಯುತ್ತವೆ. ಸೊಳ್ಳೆಗೆ ಅಂತ ಒಂದು ಹಿಡಿ ಹೆಕ್ಕಿ ತಂದೆ.

ಮೇ

ಹಣ್ಣು ಶುರುವಾಗಿದೆ. ಈಗ ನಿಜವಾದ ತೊಂದರೆ, ಎತ್ತರ. ಹಲಸಿನ ಹಾಗೆ ಬುಡದಲ್ಲಿ ಕಾಯಿ ಬಿಡುವ ಜಾತಿ ಅಲ್ಲ ಇದು, ಕಾಯಿ ಇರುವುದೆಲ್ಲ ಮೇಲೆ ಗೆಲ್ಲಿನ ತುದಿಯಲ್ಲಿ, ಕಾಡಿನಲ್ಲಿ ಬೆಳಕಿಗಾಗಿ ಎದ್ದ ಮರ 40 ಮೀಟರ್ ದಾಟುವುದೂ ಉಂಟು, ದೋಟಿಯ ಮಾತೇ ಇಲ್ಲ. ಹತ್ತುವವರು ಅಡಿಕೆ ಕೆಲಸಕ್ಕೇ ಸಿಗುವುದಿಲ್ಲ, ಇದಕ್ಕೆ ಎಲ್ಲಿಂದ? ಹಾಗಾಗಿ ಮರದಡಿ ಹಳೆಯ ನೆರಳುಬಲೆಯನ್ನು ಸೊಂಟದ ಎತ್ತರಕ್ಕೆ ಕಟ್ಟಿದೆ. ನೆಲಕ್ಕೆ ಅಪ್ಪಳಿಸಿ ಒಡೆಯುವುದು ತಪ್ಪಿತು, ಇರುವೆಯೂ ಕಡಿಮೆ.

ಆದರೆ ಬಲೆಗೆ ಬಿದ್ದದ್ದೆಲ್ಲ ನಮ್ಮದಲ್ಲ. ಮಂಗ, ಕೆಂಜಳಿಲು, ಬಾವಲಿ ಎಲ್ಲವೂ ಇದರ ಮೇಲೆಯೇ ಇರುತ್ತವೆ. ಕಚ್ಚಿದ ಗುರುತು ಒಂದಿದ್ದರೂ ಆ ಹಣ್ಣು ಮುಟ್ಟುವುದಿಲ್ಲ, ಬೀಜಕ್ಕೂ ಬೇಡ. 2018ರಲ್ಲಿ ಪಕ್ಕದ ಕೇರಳದಲ್ಲಿ ಬಾವಲಿಯಿಂದ ಹರಡುವ ನಿಪಾ ಜ್ವರ ಬಂದ ಮೇಲೆ ಇದರಲ್ಲಿ ವಾದವೇ ಇಲ್ಲ.

ಇಡೀ ಹಣ್ಣು ಸಿಕ್ಕರೆ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಬಿಡಿಸುವುದು, ಇಲ್ಲದಿದ್ದರೆ ಮೇಣ ಸಂಜೆವರೆಗೆ ಬಿಡುವುದಿಲ್ಲ. ಕಿತ್ತಳೆ ಬಣ್ಣದ ಸಣ್ಣ ಸಣ್ಣ ಸೊಳೆ, ಹುಳಿ ಸಿಹಿ, ಅದು ಮಕ್ಕಳ ಪಾಲು. ಒಳಗಿನ ಬೀಜ ಜಾರುತ್ತದೆ. ಒಲೆಯ ಬೂದಿ ಹಾಕಿ ಉಜ್ಜಿ ತೊಳೆದರೆ ಆ ಲೋಳೆ ಪೂರ್ತಿ ಹೋಗುತ್ತದೆ. ಬರೀ ನೀರಲ್ಲಿ ತೊಳೆದದ್ದು ಎರಡನೇ ದಿನಕ್ಕೇ ವಾಸನೆ ಬಂತು.

ಮಳೆ ಹಿಡಿಯುವ ಮೊದಲು

ಒಣಗಿಸುವುದರಲ್ಲಿ ಪೈಪೋಟಿ ಇಟ್ಟೆ. ಒಂದು ಪಾಲು ಅಂಗಳದ ಬಿಸಿಲಿಗೆ, ಒಂದು ಪಾಲು ಒಲೆಯ ಮೇಲಿನ ಅಟ್ಟಕ್ಕೆ, ಇನ್ನೊಂದು ಹಲಸಿನ ಬೀಜ ಇಡುವ ಹಾಗೆ ಕೆಮ್ಮಣ್ಣು ಮೆತ್ತಿ ಮೂಲೆಗೆ. ಕೆಮ್ಮಣ್ಣಿನದು ಮೊಳಕೆ ಒಡೆದು ಕೂತಿದೆ, ತಿನ್ನಲು ಆಗದು. ಬಿಸಿಲಿನದು ಚೆನ್ನಾಗಿದೆ, ಅಲ್ಲಾಡಿಸಿದರೆ ಸಿಪ್ಪೆಯೊಳಗೆ ಗಲಗಲ ಅನ್ನುತ್ತದೆ. ಅಟ್ಟದ್ದು ಅದಕ್ಕಿಂತ ಒಂದು ಕೈ ಮೇಲು, ಸ್ವಲ್ಪ ಹೊಗೆಯ ಘಮ ಹಿಡಿದಿದೆ. ಮುಂದಿನ ವರ್ಷ ಪೂರ್ತಿ ಅಟ್ಟವೇ.

ಹುರಿಯುವುದಕ್ಕೆ ಕಬ್ಬಿಣದ ಬಾಣಲೆ, ಹೊಳೆ ಮರಳು, ಸಣ್ಣ ಉರಿ. ಮರಳಿಲ್ಲದೆ ಹುರಿದರೆ ಹೊರಗೆ ಕಪ್ಪು, ಒಳಗೆ ಹಸಿ. ಹಸಿ ಬೀಜವನ್ನು ನೇರ ಹುರಿಯುವವರು ಒಂದೊಂದಕ್ಕೂ ಚಾಕುವಿನಿಂದ ಸಣ್ಣ ಗೀರು ಹಾಕಿ, ಇಲ್ಲದಿದ್ದರೆ ಸಿಡಿಯುತ್ತದೆ. ಉಪ್ಪು ಬೇಕಿದ್ದರೆ ಹುರಿಯುವ ಮೊದಲು ಉಪ್ಪುನೀರಲ್ಲಿ ನೆನೆಸಿ ಆರಿಸಿ. ಆಮೇಲೆ ಉದುರಿಸಿದ ಉಪ್ಪು ಸಿಪ್ಪೆಯ ಜೊತೆ ಹೋಗುತ್ತದೆ, ಸುಮ್ನೆ ದಂಡ.

ಜುಲೈ

ಡಬ್ಬದಲ್ಲಿ ಅರ್ಧ ಖಾಲಿ. ಮನೆಯವರ ಮೇಲೆ ಅನುಮಾನವಿದೆ.

ಸಸಿಗಳ ವಿಷಯ. ಈ ಬೀಜ ಒಣಗಿದರೆ ಸತ್ತ ಹಾಗೆ, ಬಿತ್ತುವುದಿದ್ದರೆ ತೊಳೆದ ವಾರದೊಳಗೆ ಬಿತ್ತಬೇಕು. ಸುಡುಮಣ್ಣು, ಮರಳು, ಹಟ್ಟಿಗೊಬ್ಬರ ಬೆರೆಸಿ ಪ್ಲಾಸ್ಟಿಕ್ ತೊಟ್ಟೆಗೆ ತುಂಬಿ ಬಿತ್ತಿದ್ದೆ, ಎರಡು ಮೂರು ವಾರಕ್ಕೆ ಎದ್ದವು. ಎಳೆಯ ಗಿಡದ ಎಲೆ ಆಳವಾಗಿ ಸೀಳಿರುತ್ತದೆ, ದೊಡ್ಡ ಮರದ ಎಲೆ ಇಡಿಯಾಗಿರುತ್ತದೆ. ನೋಡಿದವರು ಬೇರೆ ಯಾವುದೋ ಗಿಡ ಅಂದುಕೊಳ್ಳುತ್ತಾರೆ, ಹೆದರಬೇಡಿ.

ಇವನ್ನು ಹಾಗೇ ಬಿಟ್ಟರೆ ಕಾಯಿ ನೋಡಲು ವರ್ಷಗಟ್ಟಲೆ ಕಾಯಬೇಕು, ಮತ್ತೆ ಅದೇ ಎತ್ತರ. ಕಾಂಡ ಪೆನ್ಸಿಲ್ ದಪ್ಪ ಬಂದ ಮೇಲೆ, ಕಾಯಿ ಬಿಡುವ ಮರದ ಗೆಲ್ಲಿನ ಕುಡಿ ತಂದು ಇದೇ ಸಸಿಗಳಿಗೆ ಕಸಿ ಕಟ್ಟಬೇಕು. ಕಟ್ಟಲು ನನಗೆ ಬರುತ್ತದೆ, ಕುಡಿ ಇಳಿಸಿ ಕೊಡುವವರು ಬೇಕು. ಪುತ್ತೂರು, ಸುಳ್ಯ ಕಡೆ ಗುಡ್ಡೆಯ ಅಂಚಿನಲ್ಲಿ ಒಂಟಿಯಾಗಿ ಬೆಳೆದು, ಗೆಲ್ಲು ಕೆಳಗೆ ಬಾಗಿರುವ, ಬೀಜ ದಪ್ಪ ಇರುವ ಮರ ಯಾರ ಜಾಗದಲ್ಲಾದರೂ ಇದ್ದರೆ ಹೇಳಿ. ಏಣಿ ನಾನೇ ತರುತ್ತೇನೆ.