ಕೊಬ್ಬರಿ ಎಣ್ಣೆ ಕುಡಿದು ನೋವಿನ ಮಾತ್ರೆ ನುಂಗಿದರೆ ಹೊಟ್ಟೆ ಉಳಿಯುತ್ತಾ?

ತಿಪಟೂರಿನಲ್ಲಿ ಮೆಡಿಕಲ್ ಶಾಪ್ ಇಟ್ಟವನಿಗೆ ಮಂಡಿನೋವಿನ ಗಿರಾಕಿಗಳಿಗೂ ಬರವಿಲ್ಲ, ಕೊಬ್ಬರಿ ಎಣ್ಣೆಯ ಭಕ್ತರಿಗೂ ಬರವಿಲ್ಲ. ಕೆಲವರು ಎರಡೂ ಹೌದು. "ಒಂದು ಚಮಚ ಎಣ್ಣೆ ಕುಡಿದು ಡೈಕ್ಲೋ ನುಂಗ್ತೀನಪ್ಪ, ಹೊಟ್ಟೆ ಉರಿಯಲ್ಲ" ಅಂತಾರೆ ತೋಟದ ಕಡೆಯ ಅಜ್ಜ ಒಬ್ಬರು. ಡೈಕ್ಲೋ ಅಂದರೆ ಡೈಕ್ಲೋಫೆನಾಕ್, ನೋವಿನ ಮಾತ್ರೆ.

ಸುಮ್ನೆ ನಕ್ಕುಬಿಡುವ ಮಾತಲ್ಲ ಇದು. ಜಠರದ ಒಳಮೈಗೆ ಕೊಬ್ಬಿನಂಶದ ತೆಳು ಲೇಪ ಇರುತ್ತದೆ. ಕೆಸುವಿನ ಎಲೆ ಮೇಲೆ ನೀರು ನಿಲ್ಲದ ಹಾಗೆ, ಅಲ್ಲಿ ಆ್ಯಸಿಡ್ ಅಂಟುವುದಿಲ್ಲ. ಆಸ್ಪಿರಿನ್, ಐಬುಪ್ರೊಫೆನ್ ಥರದ ಮಾತ್ರೆಗಳು ಆ ಲೇಪದ ಫಾಸ್ಫಟಿಡೈಲ್‌ಕೋಲಿನ್‌ ಎಂಬ ಕೊಬ್ಬಿಗೆ ಹೋಗಿ ಅಂಟಿಕೊಂಡು ಅದನ್ನು ಕೆಡಿಸುತ್ತವೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ವಿಜ್ಞಾನಿ ಲೆನಾರ್ಡ್ ಲಿಕ್ಟನ್‌ಬರ್ಗರ್ ಇದಕ್ಕೊಂದು ಉಪಾಯ ಹುಡುಕಿದರು. ಮಾತ್ರೆಗೆ ಆ ಕೊಬ್ಬನ್ನು ಮೊದಲೇ ಅಂಟಿಸಿ ಕಳಿಸಿಬಿಟ್ಟರೆ ಆಯ್ತಲ್ವಾ? ಆ ಕೊಬ್ಬು ಸಿಕ್ಕಿದ್ದು ಸೋಯಾ ಎಣ್ಣೆಯಿಂದ ತೆಗೆಯುವ ಲೆಸಿಥಿನ್‌ನಲ್ಲಿ. 50 ದಾಟಿದ ಆರೋಗ್ಯವಂತರಿಗೆ ಏಳು ದಿನ ದಿನಕ್ಕೆ 325 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟು, ಆಮೇಲೆ ಎಂಡೋಸ್ಕೋಪಿ ಮಾಡಿ ನೋಡಿದರು. ಮಾಮೂಲಿ ಮಾತ್ರೆ ನುಂಗಿದವರಲ್ಲಿ ಸುಮಾರು 42% ಜನಕ್ಕೆ ಹೊಟ್ಟೆಯಲ್ಲಿ ಹಲವು ಗಾಯ ಅಥವಾ ಹುಣ್ಣು. ಲೆಸಿಥಿನ್ ಸೇರಿಸಿದ್ದರಲ್ಲಿ ಸುಮಾರು 22%. ಈ ಆಸ್ಪಿರಿನ್ 2021ರಲ್ಲಿ ವಾಜಲೋರ್ ಹೆಸರಿನಲ್ಲಿ ಅಲ್ಲಿನ ಅಂಗಡಿಗೆ ಬಂತು.

ಹಾಗಾದ್ರೆ ಅಜ್ಜನ ಚಮಚ? ಅದು ಬೇರೆ ಕಥೆ. ಹಸಿ ಸೋಯಾ ಎಣ್ಣೆಯನ್ನು ಬಿಸಿ ಮಾಡಿ ನೀರು ಸೇರಿಸಿ ಕಲಕಿದರೆ ಕಂದು ಬಣ್ಣದ ಅಂಟು ಬೇರೆಯಾಗುತ್ತದೆ. ಲೆಸಿಥಿನ್ ಅದರಲ್ಲಿರುವುದು. ಪ್ಯಾಕೆಟ್ಟಿಗೆ ಬರುವ ರಿಫೈನ್ಡ್ ಎಣ್ಣೆಯಲ್ಲಿ ಅದನ್ನು ತೆಗೆದೇ ಹಾಕಿರುತ್ತಾರೆ. ಕೊಬ್ಬರಿ ಎಣ್ಣೆಯಲ್ಲಿ ಮೊದಲಿಂದಲೂ ತೀರಾ ಕಮ್ಮಿ. ಇದ್ದರೂ ಕ್ಯಾಪ್ಸೂಲ್ ಒಳಗೆ ಔಷಧದ ಜೊತೆ ಬೆರೆತಿರುವುದು ಬೇರೆ, ಬಾಯಲ್ಲಿ ಒಂದರ ಹಿಂದೆ ಒಂದು ನುಂಗುವುದು ಬೇರೆ.

ಇನ್ನೊಂದು ತೊಡಕಿದೆ, ಜನ ಇದನ್ನೇ ಮರೆಯುವುದು. ಮಾತ್ರೆ ಹೊಟ್ಟೆಯನ್ನು ಮುಟ್ಟಿ ಮಾತ್ರ ಕೆಡಿಸಲ್ಲ, ರಕ್ತದಿಂದಲೂ ಕೆಡಿಸುತ್ತದೆ. ನೋವು ತರುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ತಡೆಯುವುದೇ ಅದರ ಕೆಲಸ, ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿದ್ದು ಅದನ್ನೇ. ಜಠರದ ಲೋಳೆಯನ್ನು ಕಾಯುವುದೂ ಅದೇ ಪ್ರೊಸ್ಟಾಗ್ಲಾಂಡಿನ್. ಇಲ್ಲಿ ಯಾವ ಎಣ್ಣೆಯ ಆಟವೂ ನಡೆಯಲ್ಲ. ಅದಕ್ಕೇ ಡಾಕ್ಟರುಗಳು ಜೊತೆಗೊಂದು ಆ್ಯಸಿಡ್ ತಗ್ಗಿಸುವ ಗ್ಯಾಸ್ ಮಾತ್ರೆ ಬರೆಯುವುದು. ಬೆಳಿಗ್ಗೆ ತಿಂಡಿಗೆ ಮುಂಚೆ ನುಂಗಿ ಅಂದರೆ ಯಾರು ಕೇಳ್ತಾರೆ!

ನಾನು ಅಜ್ಜನಿಗೆ ಕೊಡುವುದು ಜೆಲ್ ಟ್ಯೂಬು. ತಮಾಷೆ ಅಂದರೆ ಅದರಲ್ಲಿ ಅಗಸೆ ಎಣ್ಣೆ ಇದೆ, ರಟ್ಟಿನ ಮೇಲೆ 3% ಅಂತ ಬರೆದಿರುತ್ತಾರೆ. ಡೈಕ್ಲೋಫೆನಾಕ್ ಜೆಲ್ ಮಂಡಿಗೆ ಹಚ್ಚಿದರೆ ರಕ್ತಕ್ಕೆ ಸೇರುವುದು ಮಾತ್ರೆಗಿಂತ ತುಂಬಾ ಕಮ್ಮಿ. ಅಜ್ಜನಿಗೆ ಘಾಟು ಇಷ್ಟ ಆಗಿದೆ. ಕೊಬ್ಬರಿ ಎಣ್ಣೆ ಮಾತ್ರ ಬಿಟ್ಟಿಲ್ಲ, ಈಗ ಅದನ್ನು ತಲೆಗೆ ಹಚ್ಚಿಕೊಂಡು ಬರ್ತಾರೆ.